ಮೇ ತಿಂಗಳ ಮನೆಗಳು

ಜೂನ್ ಹತ್ತಿರವಾದಂತೆ ಮುಂಬಯಿಯ ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಲಾಂಚುಗಳು ನಿಲ್ಲುತ್ತವೆ. ಕೆಲವು ವರ್ಷಗಳ ಹಿಂದಿನವರೆಗೂ ಅಲಿಬಾಗ್, ಕಿಹಿಮ್, ಸಾಸವಣೆಯ ಬಂಗಲೆಗಳ ವರ್ಷ ಅಲ್ಲಿಗೆ ಮುಗಿಯುತ್ತಿತ್ತು. ಪೆಣ್ ಸುತ್ತಿಕೊಂಡು ಮಳೆಯಲ್ಲಿ ಅಷ್ಟು ದೂರ ಕಾರು ಓಡಿಸುವ ಉಮೇದು ಹೆಚ್ಚಿನವರಿಗೆ ಇರುತ್ತಿರಲಿಲ್ಲ. ಮಾಲಿಯ ಕೈಗೆ ಬೀಗದ ಕೈ ಕೊಟ್ಟು ಬಂದರೆ ಮತ್ತೆ ಸೆಪ್ಟೆಂಬರಿಗೇ. ಈಗ ಆ ಲೆಕ್ಕ ಬದಲಾಗಿದೆ. 2020ರ ಮಾರ್ಚಿನಲ್ಲಿ ಭಾವುಚಾ ಧಕ್ಕಾದಿಂದ ಕಾರುಗಳನ್ನೂ ಹೊತ್ತೊಯ್ಯುವ ರೋ-ರೋ ಹಡಗು ಶುರುವಾಯಿತು. ಹವೆ ತೀರಾ ಕೆಡದಿದ್ದರೆ ಅದು ಮಳೆಗಾಲದಲ್ಲೂ ಓಡುತ್ತದೆ. 2024ರ ಜನವರಿಯಲ್ಲಿ ಶಿವಡಿಯಿಂದ ನ್ಹಾವಾ ಶೇವಾಕ್ಕೆ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು ತೆರೆಯಿತು. ಜಾಗದ ದಲ್ಲಾಳಿಗಳ ಪ್ರಕಾರ ಅಲಿಬಾಗಿಗೆ ಇನ್ನು ಹನ್ನೆರಡೂ ತಿಂಗಳು ಸೀಸನ್. ಅದೇ ಧಾಟಿಯ ಜಾಹೀರಾತುಗಳು, ಅದೇ ನೀಲಿ ಬಣ್ಣ, ಅದೇ ‘ಸೀ ವ್ಯೂ’, ಉಡುಪಿ-ಮಂಗಳೂರಿನ ಕಡಲ ಬದಿಯ ಜಾಗಗಳಿಗೂ ಬರತೊಡಗಿವೆ. ಅದನ್ನು ನೋಡಿ ಮುಂಬಯಿಯಲ್ಲಿರುವ ನಮ್ಮ ಕರಾವಳಿಯವರಲ್ಲಿ ಒಂದು ಮಾತು ಹುಟ್ಟಿಕೊಂಡಿದೆ: ಊರು ಕೆಟ್ಟಿತು, ಹೊರಗಿನವರು ಬಂದು ನಮ್ಮ ಕಡಲ ತಡಿಯನ್ನು ರಜೆ ಕಳೆಯುವ ಜಾಗ ಮಾಡಿಬಿಟ್ಟರು. ಸಂಘಗಳ ವಾರ್ಷಿಕೋತ್ಸವಗಳಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿಬರುವ ಈ ಮಾತು ನನ್ನನ್ನು ಅರವತ್ತು-ಎಪ್ಪತ್ತರ ದಶಕದ ಮುಂಬಯಿಯ ಫೋರ್ಟಿಗೆ ಎಳೆದೊಯ್ಯುತ್ತದೆ. ಯಾಕೆಂದರೆ ಕರಾವಳಿಯನ್ನು ಸೀಸನ್ನಿನ ಊರು ಮಾಡಿದವರಲ್ಲಿ ವಿಲ್ಲಾ ಕೊಳ್ಳುವ ಬೆಂಗಳೂರಿನವರು ಮೊದಲಿಗರಲ್ಲ. ಅವರಿಗಿಂತ ಬಹಳ ಮೊದಲೇ, ಫೋರ್ಟಿನ ಗಲ್ಲಿಗಳಲ್ಲಿ ದುಡಿದವರ ಹಣದಿಂದ, ಬಹಳ ಪ್ರೀತಿಯಿಂದ, ಆ ಕೆಲಸ ಆಗಿಹೋಗಿತ್ತು.

ಆಗಿನ ಫೋರ್ಟ್ ಎಂದರೆ ಹಗಲಿನ ಫೋರ್ಟೇ ಎಲ್ಲರ ಕಣ್ಣಿಗೆ ಬರುತ್ತದೆ, ಯಾಕೆಂದರೆ ಚಿತ್ರಗಳಲ್ಲಿ ಉಳಿದಿರುವುದು ಅದೇ: ಫ್ಲೋರಾ ಫೌಂಟನ್, ಹಾರ್ನಿಮನ್ ಸರ್ಕಲ್, ಬ್ಯಾಂಕುಗಳ ಕಲ್ಲುಕಂಬಗಳು, ಬಲ್ಲಾರ್ಡ್ ಎಸ್ಟೇಟಿನ ಹಡಗು ಕಂಪೆನಿಗಳು. ಕೋಟೆಯ ಗೋಡೆಯನ್ನು 1860ರ ದಶಕದಲ್ಲೇ ಕೆಡವಿದ್ದರು. ಆದರೂ ಸಂಜೆ ಆರು ದಾಟಿತೆಂದರೆ ಕೋಟೆಬಾಗಿಲು ಹಾಕಿದರೋ ಎನ್ನುವಂತೆ ಇಡೀ ವಠಾರ ಖಾಲಿಯಾಗುತ್ತಿತ್ತು. ಗುಮಾಸ್ತರ ಹಿಂಡು ವಿ.ಟಿ. ಕಡೆಗೆ ಅರ್ಧ, ಚರ್ಚ್‌ಗೇಟ್ ಕಡೆಗೆ ಅರ್ಧ ಹರಿದುಹೋದ ಮೇಲೆ ಉಳಿಯುತ್ತಿದ್ದವರೇ ಬೇರೆ ಜನ. ಆಫೀಸು ಕ್ಯಾಂಟೀನುಗಳ, ಲಂಚ್ ಹೋಮುಗಳ, ಉಡುಪಿ ಹೋಟೆಲುಗಳ ಮಾಣಿಗಳು, ಭಟ್ರು, ಗಲ್ಲಾದ ಮೇಲೆ ಕೂತು ಲೆಕ್ಕ ಮುಗಿಸುವ ಶೆಟ್ರು; ಬೋರಾ ಬಜಾರ್, ಮೋದಿ ಸ್ಟ್ರೀಟ್, ಬಜಾರ್‌ಗೇಟ್ ಸ್ಟ್ರೀಟಿನ ಮಾಳಿಗೆ ರೂಮುಗಳಲ್ಲಿ ಪಾಳಿಯ ಪ್ರಕಾರ ಮಲಗುತ್ತಿದ್ದ ಊರಿನವರು. ಆ ಕಟ್ಟಡಗಳ ಮರದ ಮೆಟ್ಟಿಲು ಎಷ್ಟು ಕಡಿದಾಗಿರುತ್ತಿತ್ತೆಂದರೆ ಹಿಡಿದು ಹತ್ತಲು ಮೇಲಿನಿಂದ ಒಂದು ದಪ್ಪ ಹಗ್ಗ ಇಳಿಬಿಟ್ಟಿರುತ್ತಿದ್ದರು. ಸಾವಿರಾರು ಕೈಗಳ ಬೆವರು, ಅಡುಗೆಮನೆಯ ಎಣ್ಣೆ ಕುಡಿದು ಅದು ಕಪ್ಪಾಗಿ ಹಾವಿನ ಮೈಯಂತೆ ನುಣುಪಾಗಿರುತ್ತಿತ್ತು. ಒಳಗೆ ಗೋಡೆಗೊತ್ತಿ ಟ್ರಂಕುಗಳ ಸಾಲು. ಒಂದೊಂದು ಟ್ರಂಕಿಗೆ ಒಬ್ಬೊಬ್ಬ ಒಡೆಯ, ಮೇಲೆ ಮೊಳೆಗೆ ತೂಗುಹಾಕಿದ ಒಂದು ಅಂಗಿ, ಸುತ್ತಿಟ್ಟ ಚಾಪೆ. ಫೋರ್ಟಿನಲ್ಲಿ ಅವನಿಗಿದ್ದ ಸ್ಥಿರಾಸ್ತಿ ಚರಾಸ್ತಿ ಎಲ್ಲವೂ ಅಷ್ಟೇ. ರೂಮು ಊರಿನ ಯಾರೋ ಹಿರಿಯರ ಹೆಸರಲ್ಲಿ, ಇಲ್ಲವೇ ಊರಿನ ಸಭೆಯ ಹೆಸರಲ್ಲಿ, ಪಗಡಿ ಕೊಟ್ಟು ಹಿಡಿದದ್ದು. ರೂಮೂ ಸಿಗದವರಿಗೆ ಹೋಟೆಲಿನ ಮೇಜುಗಳಿದ್ದವು. ಕುರ್ಚಿ ಮಗುಚಿ ಇಟ್ಟು, ನೆಲ ತೊಳೆದು, ಎರಡು ಮೇಜು ಜೋಡಿಸಿ ಮಲಗಿದರೆ ಹಾಲಿನ ಗಾಡಿ ಬರುವ ತನಕ ಅದು ಅವನ ಮನೆ.

ಫೋರ್ಟಿನ ರಾತ್ರಿ ಶಾಲೆಗಳನ್ನು ಅರ್ಥ ಮಾಡಿಕೊಳ್ಳಬೇಕಾದರೂ ಈ ಖಾಲಿ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಅದರ ರಾತ್ರಿ ಶಾಲೆ 1908ರಷ್ಟು ಹಳೆಯದು. ಹಗಲಿನ ಫೋರ್ಟಿಗೆ ಬೇಡವಾದ ಗಂಟೆಗಳಲ್ಲಿ, ಹಗಲಿಡೀ ಲೋಟ ತೊಳೆದ ಕೈಗಳು ಅಲ್ಲಿ ಕನ್ನಡ ಅಕ್ಷರ ತಿದ್ದಿದವು. ಅಲ್ಲಿ ಓದಿ ಮುಂದೆ ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೋಟೆಲು ತೆರೆದವರು ಬಹಳ ಜನ. ಒಂದು ಊರಿನ ಆಫ್ ಸೀಸನ್ನಿನಲ್ಲಿ ಬದುಕುವುದೆಂದರೇನು ಎಂದು ನಮ್ಮ ಹಿಂದಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾರೂ ಇಲ್ಲದ ಹೊತ್ತಿನಲ್ಲಿ ಇದ್ದು ಫೋರ್ಟನ್ನು ಕಾಪಾಡಿದವರು ಅವರೇ. ಭಾನುವಾರದ ಹಾರ್ನಿಮನ್ ಸರ್ಕಲ್ಲಿನಲ್ಲಿ ಕಾಲುಚಾಚಿ ಕೂತು ಮನೆಗೆ ಕಾಗದ ಬರೆಯುತ್ತಿದ್ದವರೂ ಅವರೇ. ಅವರ ಹೆಸರಿನಲ್ಲಿ ಅಲ್ಲಿ ಒಂದು ಇಟ್ಟಿಗೆಯೂ ಇರಲಿಲ್ಲ. ಇಟ್ಟಿಗೆಗೆ ಬೇಕಾದ ದುಡ್ಡು ಜಿ.ಪಿ.ಓ. ಕೌಂಟರಿನಲ್ಲಿ ಮನಿಯಾರ್ಡರ್ ಆಗಿ ಊರಿಗೆ ಹೋಗುತ್ತಿತ್ತು. (1913ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟಕ್ಕೆ ಮಾದರಿ ವಿಜಯಪುರದ ಗೋಳಗುಮ್ಮಟ. ಸಾಲಿನಲ್ಲಿ ನಿಂತ ಹುಡುಗರಿಗೆ ಅದು ಗೊತ್ತಿರುವ ಸಂಭವ ಕಡಿಮೆ.)

ಆ ದುಡ್ಡು ಎಲ್ಲಿಗೆ ಹೋಗಿ ಏನಾಯಿತು ಎಂಬುದೇ ನನ್ನ ವಾದದ ಮುಖ್ಯ ಭಾಗ. ಮೊದಮೊದಲು ಅದು ಅಕ್ಕಿಯಾಯಿತು, ಸಾಲದ ಬಡ್ಡಿಯಾಯಿತು, ತಂಗಿಯ ಮದುವೆಯಾಯಿತು. ಮನೆ ಕಟ್ಟುವ ಮಾತು ಬಂದದ್ದು ಆಮೇಲೆ. ಕಟ್ಟಲು ಜಾಗವಾದರೂ ಎಲ್ಲಿತ್ತು? ಕರಾವಳಿಯ ಬಹುಪಾಲು ಬಡ ಕುಟುಂಬಗಳು ಒಕ್ಕಲು ಕುಳಿತವು. ಚಾಲಗೇಣಿಯವನನ್ನು ಧಣಿ ಎದ್ದೇಳೆಂದರೆ ಏಳಬೇಕಿತ್ತು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ‘ಡಿಕ್ಲರೇಶನ್ ಕೊಟ್ಟು’, ಅಂದರೆ ಗೇಣಿಗೆ ಉಳುವ ಜಾಗ ತಮ್ಮದಾಗಲೆಂದು ಅರ್ಜಿ ಹಾಕಿ, ಜಾಗ ಮಾಡಿಕೊಂಡ ತಲೆಮಾರು ಅದು. ದಕ್ಷಿಣ ಕನ್ನಡದಲ್ಲಿ ಈ ಕಾನೂನು ಜಾರಿಯಾದಷ್ಟು ಚೆನ್ನಾಗಿ ರಾಜ್ಯದ ಹೆಚ್ಚಿನ ಕಡೆ ಆಗಲಿಲ್ಲ. ಹೀಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಎರಡು ಸಂಗತಿಗಳು ಒಂದೇ ಹೊತ್ತಿಗೆ ಕೂಡಿಬಂದವು: ಊರಿನಲ್ಲಿ ಮೊದಲ ಬಾರಿ ಸ್ವಂತವಾದ ಜಾಗ, ಬೊಂಬಾಯಿಯಲ್ಲಿ ಮೊದಲ ಬಾರಿ ಕೈಗೆ ಹತ್ತಿದ ಹಣ. ಮುಳಿಹುಲ್ಲಿನ, ಹಂಚಿನ ಮನೆಗಳ ಪಕ್ಕದಲ್ಲಿ ತಾರಸಿ ಮನೆಗಳೆದ್ದವು. ಊರಿನವರು ಅವಕ್ಕೆ ಬೊಂಬಾಯಿ ಮನೆ ಎಂದರು. ಆ ಹೆಸರಿನಲ್ಲಿ ಅಸೂಯೆ ಇತ್ತು, ಹೆಮ್ಮೆಯೂ ಇತ್ತು. ಗೇಣಿಯವನ ಮಗ ಧಣಿಯ ಗುತ್ತಿನ ಮನೆಗಿಂತ ಎತ್ತರಕ್ಕೆ ಕಟ್ಟಿದ ಎಂಬುದು ಸಣ್ಣ ಸಂಗತಿಯಲ್ಲ, ಅದನ್ನು ಹಗುರಾಗಿ ಕಾಣುವವನು ನಾನಲ್ಲ.

ಆದರೆ ಆ ಮನೆಗಳನ್ನು ಕಟ್ಟಿದ್ದು ಯಾವ ಋತುವಿಗೆ? ಉತ್ತರ ಮನೆಯ ಮೈಮೇಲೇ ಇದೆ. ಕರಾವಳಿಯ ಹಳೆಯ ಮನೆ ಮಳೆಗಾಲದ ಮನೆ. ಇಳಿಜಾರು ಮಾಡು, ಗೋಡೆಯಿಂದ ಎರಡು ಮೊಳ ಹೊರಚಾಚಿದ ಸೂರು, ಪಶ್ಚಿಮದ ಇರಿಚಲು ತಡೆಯಲು ಮೇ ತಿಂಗಳಲ್ಲೇ ಮಡಲು ಹೆಣೆದು ಕಟ್ಟುವ ತಟ್ಟಿ, ವರ್ಷಕ್ಕೊಮ್ಮೆ ಹಂಚು ತಿರುವಿ ಒಡೆದದ್ದನ್ನು ಬದಲಿಸುವ ಕ್ರಮ. ಇದಕ್ಕೆಲ್ಲ ಮನೆಯಲ್ಲಿ ಜನ ಇರಬೇಕು. ಬೊಂಬಾಯಿ ಮನೆ ಬಿಸಿಲುಗಾಲದ ಮನೆ: ಚಪ್ಪಟೆ ತಾರಸಿ, ಅಗಲದ ಗಾಜಿನ ಕಿಟಕಿ, ಮೊಸಾಯಿಕ್ ನೆಲ, ನೆಂಟರನ್ನು ಕೂರಿಸಲು ದೊಡ್ಡ ಹಾಲು. ಮೊದಲ ಮಳೆಗೇ ತಾರಸಿಯ ಮೂಲೆಯಲ್ಲಿ ಎಲೆ ಕೊಳೆತು ನೀರು ಹೋಗುವ ಪೈಪು ಕಟ್ಟಿಕೊಳ್ಳುತ್ತದೆ. ಅದನ್ನು ಕೈಹಾಕಿ ತೆಗೆಯಲು ಎರಡು ನಿಮಿಷ ಸಾಕು, ಆ ಎರಡು ನಿಮಿಷಕ್ಕೆ ಜನವಿಲ್ಲ. ನೀರು ನಿಲ್ಲುತ್ತದೆ, ಸ್ಲಾಬು ಕುಡಿಯುತ್ತದೆ, ಉಪ್ಪುಗಾಳಿಗೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕೆಳಗಿನ ಕಾಂಕ್ರೀಟು ಹಪ್ಪಳದ ಹಾಗೆ ಕಳಚುತ್ತದೆ. ಬಾಗಿಲ ದಾರಂದಕ್ಕೆ ಒರಲೆ, ಗೋಡ್ರೆಜ್ ಕಪಾಟಿನ ಸೀರೆಗಳಿಗೆ ಬೂಷ್ಟು, ಬಾವಿಕಟ್ಟೆಗೆ ಪಾಚಿ. ಈಗ ಹೆಚ್ಚಿನವರು ತಾರಸಿಯ ಮೇಲೆ ಇನ್ನೊಂದು ಮಾಡು, ಜಿಂಕ್ ಶೀಟಿನದು, ಹಾಕಿಸಿದ್ದಾರೆ. ಅಂದರೆ ಐವತ್ತು ವರ್ಷ ಕಳೆದ ಮೇಲೆ, ಇಮ್ಮಡಿ ಖರ್ಚು ಮಾಡಿ, ಮತ್ತೆ ಇಳಿಜಾರು ಮಾಡಿಗೇ ಬಂದಿದ್ದೇವೆ.

ಮನೆಯ ಹಾಗೆಯೇ ಊರಿನ ಪಂಚಾಂಗವೂ ಬದಲಾಯಿತು. ತುಳುನಾಡಿನ ಜಾತ್ರೆ, ನೇಮ, ಯಕ್ಷಗಾನದ ತಿರುಗಾಟ ದೀಪಾವಳಿಯ ಆಸುಪಾಸು ಶುರುವಾಗಿ, ಬೇಸ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದ ಪತ್ತನಾಜೆಗೆ ಮುಗಿಯುತ್ತವೆ. ಇದು ಬೇಸಾಯದ ಲೆಕ್ಕ: ಮಳೆ ಬಂದರೆ ಗದ್ದೆಗೆ ಇಳಿಯಬೇಕು, ಹಾಗಾಗಿ ದೈವಗಳಿಗೂ ವಿಶ್ರಾಂತಿ. ಮುಂಬಯಿಯ ಶಾಲೆಗಳಿಗೆ ಏಪ್ರಿಲ್ ಕೊನೆಗೆ ರಜೆ ಶುರುವಾಗಿ ಜೂನ್ ನಡುವಿನಲ್ಲಿ ಮುಗಿಯುತ್ತದೆ. ಈ ಎರಡು ಲೆಕ್ಕಗಳು ಕೂಡುವುದು ಮೇ ತಿಂಗಳೊಂದರಲ್ಲೇ. ಆರು ತಿಂಗಳಿಗೆ ಹರಡಿಕೊಂಡಿದ್ದ ಉತ್ಸವಗಳು ನಿಧಾನಕ್ಕೆ ಆ ಕೆಲವು ವಾರಗಳಿಗೆ ಒತ್ತರಿಸಿಕೊಂಡವು. ಮದುವೆ, ಗೃಹಪ್ರವೇಶ, ನಾಗಪ್ರತಿಷ್ಠೆ, ಬ್ರಹ್ಮಕಲಶ, ಎಲ್ಲದಕ್ಕೂ ‘ಮುಂಬಯಿ ಸಮಿತಿ’ಯ ಅನುಕೂಲ ನೋಡಿ ದಿನ ಇಡುವುದು ರೂಢಿಯಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದು ಮತ್ಸ್ಯಗಂಧ ಓಡತೊಡಗಿದ ಮೇಲೆ, ಊರು ದೂರ ಎಂಬ ನೆಪ ಹೋದರೆ ಜನ ವರ್ಷಕ್ಕೆ ನಾಲ್ಕು ಸಲ ಬರುತ್ತಾರೆ ಎಂದು ಅಂದುಕೊಂಡವರಿದ್ದರು. ಬಂದರು, ಎಲ್ಲರೂ ಮೇ ತಿಂಗಳಲ್ಲೇ ಬಂದರು. ರೈಲೂ ತನ್ನ ಕಡೆಯಿಂದ ಇದನ್ನೇ ಗಟ್ಟಿ ಮಾಡಿತು: ಜೂನ್ ಬಂದರೆ ಮಳೆಗಾಲದ ವೇಳಾಪಟ್ಟಿ, ಗುಡ್ಡ ಕುಸಿತದ ಭಯಕ್ಕೆ ಇಳಿಸಿದ ವೇಗ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ, ಅದು ಬರಬೇಕಾದದ್ದೇ. ನಮ್ಮವರು ಮೋಜಿಗೆ ಊರು ಬಿಟ್ಟವರಲ್ಲ, ಹೊಟ್ಟೆಗಿಲ್ಲದೆ ಬಿಟ್ಟವರು. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ಕೆಲವೇ ವರ್ಷಗಳಲ್ಲಿ ರಂಪಣಿ ಬಲೆಗಳನ್ನು ಮೂಲೆಗೆ ತಳ್ಳಿದವು. ನೂರಾರು ಜನ ಸೇರಿ ಎಳೆಯುತ್ತಿದ್ದ ಬಲೆಯ ಪಾಲು ತಪ್ಪಿದ ಮನೆಗಳ ಹುಡುಗರು ಬಸ್ಸು ಹತ್ತದೆ ಇನ್ನೇನು ಮಾಡಬೇಕಿತ್ತು? ಅಂಥವರನ್ನು ಅಲಿಬಾಗಿನಲ್ಲಿ ಈಜುಕೊಳ ಕಟ್ಟಿಸುವ ಉದ್ಯಮಿಯ ಪಕ್ಕದಲ್ಲಿ ಕೂರಿಸುವುದು ಅನ್ಯಾಯವಲ್ಲವೇ? ಹೊರಟ ಕಾರಣದ ಮಟ್ಟಿಗೆ ಹೌದು, ಅನ್ಯಾಯ. ಮಾಂಡ್ವಾದ ಲಾಂಚು ಹತ್ತುವವನನ್ನು ಯಾರೂ ತಳ್ಳಿಲ್ಲ. ಆದರೆ ಹೊರಟ ಕಾರಣ ಒಂದು, ಮರಳಿ ಕಟ್ಟಿದ ರೀತಿ ಇನ್ನೊಂದು. ಹಸಿವಿನಿಂದ ಹೊರಟವನಿಗೆ, ಕೈಯಲ್ಲಿ ಹಣವಾದ ಮೇಲೆ, ಊರಿನಲ್ಲಿ ಏನು ಕಟ್ಟಬೇಕೆಂಬ ಆಯ್ಕೆ ಇತ್ತು. ಮಂಜುಗಡ್ಡೆಯ ಕಾರ್ಖಾನೆ, ಬೋಟು, ಅಂಗಡಿ ಹಾಕಿದವರಿದ್ದಾರೆ, ಕಡಿಮೆ. ಉಳಿದವರು ಮನೆಯನ್ನೇ ಕಟ್ಟಿದರು, ಅದೂ ತಾವು ಇಲ್ಲದ ಊರಿನಲ್ಲಿ ತಾವು ಇದ್ದೇವೆಂದು ತೋರಿಸುವ ಮನೆಯನ್ನು. ರಿಟೈರಾದ ಮೇಲೆ ಬಂದು ಇರುತ್ತೇವೆ ಎಂಬ ಮಾತಿನಲ್ಲಿ ಸುಳ್ಳಿರಲಿಲ್ಲ. ರಿಟೈರಾಗುವ ಹೊತ್ತಿಗೆ ಮೊಮ್ಮಕ್ಕಳು ಡೊಂಬಿವಲಿಯಲ್ಲಿದ್ದರು, ಮೀರಾ ರೋಡಿನಲ್ಲಿದ್ದರು. ಮಂಡಿನೋವಿನ ಡಾಕ್ಟರೂ ಅಲ್ಲೇ ಇದ್ದ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಊರಿಗೆ ನಾವು ಕೊಟ್ಟದ್ದೇನು ಕಡಿಮೆಯೇ? ಶಾಲೆಗೆ ಕೋಣೆ, ದೇವಸ್ಥಾನಕ್ಕೆ ಗೋಪುರ, ಭಜನಾ ಮಂದಿರಕ್ಕೆ ಚಾವಣಿ, ದೈವಕ್ಕೆ ಬೆಳ್ಳಿಯ ಮೊಗ. ಕರಾವಳಿಯಲ್ಲಿ ಯಾವ ದೇವಸ್ಥಾನಕ್ಕೆ ಹೋದರೂ ಶಿಲಾಫಲಕದಲ್ಲಿ ಮುಂಬಯಿಯ ಹೆಸರುಗಳ ಸಾಲು ಇರುತ್ತದೆ. ಈ ಕೊಡುಗೆಯನ್ನು ಅಲ್ಲಗಳೆಯುವಂತಿಲ್ಲ. ಅದರ ಬದಲಿಗೆ ಸಿಕ್ಕ ಹಕ್ಕು ಎಂಥದು ಎಂಬುದು ಮಾತ್ರ ಬಯಲಾದದ್ದು 2020ರ ಕೋವಿಡ್ ಹೊತ್ತಿನಲ್ಲಿ. ಆ ಮೇ ತಿಂಗಳಲ್ಲಿ ಮುಂಬಯಿಯ ರೂಮುಗಳಲ್ಲಿ ಸಿಕ್ಕಿಬಿದ್ದವರು ಎಂದಿನಂತೆ ಊರಿಗೆ ಹೊರಟರು, ಉತ್ಸವಕ್ಕಲ್ಲ, ಉಳಿಯುವುದಕ್ಕೆ. ಸೇವಾಸಿಂಧು ಪಾಸು, ಗಡಿಯಲ್ಲಿ ತಪಾಸಣೆ, ಊರ ಶಾಲೆಗಳಲ್ಲಿ ಕ್ವಾರಂಟೈನು. ತಾವೇ ಚಂದಾ ಎತ್ತಿ ಕಟ್ಟಿಸಿದ ಶಾಲೆಯ ಕೋಣೆಯಲ್ಲಿ ಬೆಂಚು ಸರಿಸಿ ಮಲಗಿದವರಿದ್ದಾರೆ. ಉಡುಪಿ ಜಿಲ್ಲೆಯಲ್ಲಿ ಆಗ ಕಂಡುಬಂದ ಸೋಂಕಿನ ಬಹುಪಾಲು ಮಹಾರಾಷ್ಟ್ರದಿಂದ ಬಂದವರದೇ ಆಗಿತ್ತು. ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯ ತನಕ ಪ್ರವೇಶವಿಲ್ಲ ಎಂದಿತು. ಬೊಂಬಾಯಿಯವರು ಬರುವುದು ಬೇಡ ಎಂದು ಊರಿನ ಕೆಲವರು ಬಾಯಿಬಿಟ್ಟೇ ಹೇಳಿದರು. ಮುಂಬಯಿಯಲ್ಲಿ ಇದಕ್ಕೆ ಬಂದ ಸಿಟ್ಟು ಇನ್ನೂ ಆರಿಲ್ಲ: ನಮ್ಮ ದುಡ್ಡು ಬೇಕು, ನಾವು ಬೇಡ. ಸಿಟ್ಟು ನ್ಯಾಯವಾದದ್ದೇ. ಆದರೆ ಊರಿನವರ ಮಾತಿನ ಹಿಂದೆ ಭಯದ ಜೊತೆಗೆ ಬಹುಕಾಲದ ಒಂದು ತಿಳಿವಳಿಕೆಯೂ ಇತ್ತು. ಅವರ ಲೆಕ್ಕದಲ್ಲಿ ನಾವು ಅತಿಥಿಗಳು, ಬಹಳ ಬೇಕಾದ, ಖರ್ಚುಮಾಡುವ, ವರ್ಷಕ್ಕೊಮ್ಮೆ ಬರುವ ಅತಿಥಿಗಳು. ಹೋಟೆಲು ನಡೆಸಿದವರಿಗೆ ಗಿರಾಕಿಗೂ ಮನೆಯವನಿಗೂ ಇರುವ ವ್ಯತ್ಯಾಸ ತಿಳಿಯದೆ ಇರುತ್ತದೆಯೇ?

ಆ ವರ್ಷದ ಇನ್ನೊಂದು ಸಂಗತಿಯನ್ನು ಯಾರೂ ಹೆಚ್ಚು ಬರೆದಿಲ್ಲ. ಬಂದವರಲ್ಲಿ ಅನೇಕರು ಜೂನ್, ಜುಲೈ, ಆಗಸ್ಟ್ ಅಲ್ಲೇ ಉಳಿದರು. ಎಷ್ಟೋ ಬೊಂಬಾಯಿ ಮನೆಗಳು ಕಟ್ಟಿದಂದಿನಿಂದ ಮೊದಲ ಸಲ ಒಳಗೆ ದೀಪ ಉರಿದ ಮಳೆಗಾಲದ ಆಟಿ ತಿಂಗಳನ್ನು ಕಂಡವು. ತಾರಸಿ ಎಲ್ಲಿ ಸೋರುತ್ತದೆ, ವಿದ್ಯುತ್ತು ಎಷ್ಟು ದಿನ ಬರುವುದಿಲ್ಲ, ಟ್ರಾಲ್‌ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧವಿರುವ ಆ 61 ದಿನಗಳಲ್ಲಿ ನಾಡದೋಣಿಯವರು ಎಂಥ ಅಲೆಗೆ ಇಳಿಯುತ್ತಾರೆ, ಕಡಲ್ಕೊರೆತಕ್ಕೆ ಲಾರಿಯಲ್ಲಿ ತಂದು ಸುರಿದ ಕಲ್ಲು ಯಾವ ವಾರ ಮುಳುಗುತ್ತದೆ, ಇವೆಲ್ಲ ಊರಿನ ಆಫ್ ಸೀಸನ್ನಿನ ಜ್ಞಾನ. ಈ ಜ್ಞಾನ ಇದ್ದವರು ಬೇರೆ: ಊರಲ್ಲೇ ಉಳಿದ ವಯಸ್ಸಾದ ಹೆಂಗಸರು, ಮೀನು ಮಾರುವವರು, ಮಲ್ಪೆಯ ಬೋಟುಗಳಿಗೆ ಬಂದ ಒಡಿಶಾ, ಜಾರ್ಖಂಡಿನ ಹುಡುಗರು, ಗದಗ-ಬಾಗಲಕೋಟೆಯಿಂದ ಕೂಲಿಗೆ ಬಂದು ಶೆಡ್ಡುಗಳಲ್ಲಿ ಇರುವ ಸಂಸಾರಗಳು. ಹಳೆಯ ಫೋರ್ಟನ್ನು ಬಲ್ಲವರಿಗೆ ಇವರ ಗುರುತು ಹಿಡಿಯಲು ಕಷ್ಟವಾಗಬಾರದು. ಒಡೆಯರಿಲ್ಲದ ಹೊತ್ತಿನಲ್ಲಿ ಊರನ್ನು ನಡೆಸುವವರು, ಹೆಸರಿನಲ್ಲಿ ಒಂದು ಸೆಂಟ್ಸ್ ಜಾಗ ಇಲ್ಲದವರು. ನಮ್ಮವರು ಮಹಾನಗರದಲ್ಲಿ ಇದ್ದ ಜಾಗದಲ್ಲಿ ಈಗ ಅವರು ಇದ್ದಾರೆ. ಬಲ್ಲಾರ್ಡ್ ಎಸ್ಟೇಟಿನ ಸಾಹೇಬರ ಜಾಗಕ್ಕೆ ನಾವು ಬಂದಿದ್ದೇವೆ.

ಇನ್ನು ಬೆಲೆಯ ವಿಷಯ. ಹಿಂದೆ ತುಳುನಾಡಿನಲ್ಲಿ ಭೂಮಿಗೆ ಬೆಲೆ ಕಟ್ಟುತ್ತಿದ್ದುದು ಮಳೆ ನೀರಿನ ಲೆಕ್ಕದಲ್ಲಿ. ಮೂರು ಬೆಳೆ ಕೊಡುವ ಬೈಲು ಗದ್ದೆ ಮೊದಲು, ಆಮೇಲೆ ಮಜಲು, ಕೊನೆಗೆ ಒಂದೇ ಏಣಿಲು ಬೆಳೆಯ ಬೆಟ್ಟು. ಕಡಲ ಬದಿಯ ಹೊಯಿಗೆ ಜಾಗ ಈ ಪಟ್ಟಿಯಲ್ಲೇ ಬರುತ್ತಿರಲಿಲ್ಲ. ನಾಲ್ಕು ತೆಂಗು, ಬಲೆ ಒಣಗಿಸುವ ಜಾಗ, ದೋಣಿ ಎಳೆದು ಕವುಚಿ ಹಾಕುವ ಜಾಗ, ಅಷ್ಟೇ. ಹಳೆಯ ಮನೆಗಳು ಪೂರ್ವಕ್ಕೆ ಮುಖ ಮಾಡಿ ಕಡಲಿಗೆ ಬೆನ್ನು ಹಾಕಿರುತ್ತಿದ್ದವು. ಕಡಲನ್ನು ಕೂತು ನೋಡುವುದಕ್ಕೆ ಬೆಲೆ ಬಂದದ್ದು ಅದರಲ್ಲಿ ದುಡಿಯಬೇಕಿಲ್ಲದವರು ಬಂದ ಮೇಲೆ. ಆ ನೋಟವನ್ನು ಊರಿಗೆ ತಂದವರು ಯಾರು? ಕಡಲಿನತ್ತ ಬಾಲ್ಕನಿ ಇಟ್ಟ ಮೊದಲ ಮನೆಗಳಲ್ಲಿ ಮರೀನ್ ಡ್ರೈವನ್ನು ನೋಡಿ ಬಂದವರ ಮನೆಗಳೇ ಹೆಚ್ಚು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹಳ್ಳಿಗಳ ಕಡೆ ಭರತರೇಖೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಕಡಿವಾಣ ಹಾಕಿತು. 2019ರ ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಲ್ಲಿ, ಅಂದರೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವಲ್ಲಿ, ಅದನ್ನು 50 ಮೀಟರಿಗೆ ಇಳಿಸಿತು. 2020ರಲ್ಲಿ ಕರ್ನಾಟಕ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ಕೃಷಿಕನಲ್ಲದವನೂ ಕೃಷಿ ಭೂಮಿ ಕೊಳ್ಳಬಹುದಾಯಿತು. ಅದೇ ವರ್ಷ ಪಡುಬಿದ್ರಿಯ, ಹೊನ್ನಾವರದ ಕಾಸರಕೋಡಿನ ಕಡಲತೀರಗಳಿಗೆ ನೀಲಿ ಬಾವುಟದ ಮಾನ್ಯತೆ ಸಿಕ್ಕಿತು. ಕೊಳ್ಳುವವರಿಗೆ ಇಷ್ಟೆಲ್ಲ ಅನುಕೂಲವಾದರೂ ಮಾರುವವರು ಬೇಕಲ್ಲ. ಮಾರುವವರು ನಮ್ಮ ಮೂರನೆಯ ತಲೆಮಾರು. ಅಜ್ಜ ಡಿಕ್ಲರೇಶನ್ನಿನಲ್ಲಿ ಪಡೆದು, ಅಪ್ಪ ತಾರಸಿ ಹಾಕಿಸಿದ ಜಾಗಕ್ಕೆ ಈಗ ಏಳೆಂಟು ಹಕ್ಕುದಾರರು; ಒಬ್ಬರಿಗೂ ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ದಾರಿ ಸರಿಯಾಗಿ ಗೊತ್ತಿಲ್ಲ, ಸೆಂಟ್ಸಿಗೆ ಎಷ್ಟು ನಡೆಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ಹೊರಗಿನವರು ಬಂದರು ಎನ್ನುವಾಗ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿದ್ದು ಯಾವ ಊರಿನ ನೋಟರಿಯ ಎದುರು ಎಂದೂ ಕೇಳಿಕೊಳ್ಳಬೇಕು.

ಕತೆಗಾರ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತು ತಮ್ಮೂರು ಹನೇಹಳ್ಳಿಯನ್ನು ಮತ್ತೆ ಮತ್ತೆ ಬರೆದರು. ಅದು ಸಾಹಿತ್ಯದ ಹಕ್ಕು, ಅಲ್ಲಿ ಯಾರ ಮನೆಯೂ ಸೋರುವುದಿಲ್ಲ. ಉಳಿದ ನಾವು ಅದೇ ಕೆಲಸವನ್ನು ಸಿಮೆಂಟಿನಲ್ಲಿ ಮಾಡಲು ಹೋದೆವು.

ಬೇರೆ ಕಡೆ ಹೀಗೆ ವರ್ಷದ ಬಹುಪಾಲು ಖಾಲಿ ಬೀಳುವ ಮನೆಗಳಿಗೆ ಏನು ಮಾಡಿದ್ದಾರೆ ಎಂದು ನೋಡಿದರೆ ದಾರಿಗಳು ಒರಟಾಗಿವೆ. ಇಂಗ್ಲೆಂಡಿನ ಕಾರ್ನ್‌ವಾಲಿನ ಸೇಂಟ್ ಐವ್ಸ್ ಎಂಬ ಕಡಲೂರಿನ ಜನ 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆ ವರ್ಷಪೂರ್ತಿ ಇರುವವರಿಗೇ ಹೋಗಬೇಕೆಂದು ನಿರ್ಧರಿಸಿದರು. ವೇಲ್ಸ್ 2023ರ ಏಪ್ರಿಲಿನಿಂದ ಎರಡನೆಯ ಮನೆಗಳ ಮೇಲೆ ಮಾಮೂಲು ತೆರಿಗೆಯಲ್ಲದೆ ಅದರ ಮೂರು ಪಟ್ಟಿನ ತನಕ ಹೆಚ್ಚುವರಿ ಹೇರಲು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟಿತು. ನಮ್ಮ ನೆರೆಯ ಕೇರಳದಲ್ಲಿ 2011ರ ಜನಗಣತಿ 10 ಲಕ್ಷಕ್ಕೂ ಹೆಚ್ಚು ಖಾಲಿ ಮನೆಗಳನ್ನು ಎಣಿಸಿತು. ಅವುಗಳಲ್ಲಿ ಬಹಳಷ್ಟು ಕೊಲ್ಲಿ ದೇಶಗಳ ದುಡ್ಡಿನವು. ಹಾಗೆಂದು ತೆರಿಗೆಯ ದಾರಿ ನಮಗೆ ಒಗ್ಗುತ್ತದೆಂದು ನನಗನಿಸುವುದಿಲ್ಲ. ಕಾರ್ನ್‌ವಾಲಿನ ಎರಡನೆಯ ಮನೆ ಶ್ರೀಮಂತನದು. ಬೊಂಬಾಯಿ ಮನೆಯ ಒಡೆಯ ಮುಂಬಯಿಯಲ್ಲಿ 225 ಚದರಡಿಯ ಖೋಲಿಯಲ್ಲಿ ಇರುವವನೂ ಆಗಿರಬಹುದು. ಹೆಚ್ಚು ತೆರಿಗೆ ಬಿದ್ದರೆ ಅವನೇ ಮೊದಲು ಮಾರುತ್ತಾನೆ, ವಿಲ್ಲಾದವನು ಕಟ್ಟಿ ನಿಶ್ಚಿಂತನಾಗಿರುತ್ತಾನೆ. ಮನೆಯನ್ನು ಹೋಮ್‌ಸ್ಟೇ ಮಾಡಿ ಎಂಬ ಸಲಹೆಯೂ ಇದೆ. ಅದರಿಂದ ಮನೆಗೆ ಬಣ್ಣ ಬರುತ್ತದೆ, ಜನ ಬರುವುದು ಮತ್ತೆ ಅದೇ ಬಿಸಿಲುಗಾಲಕ್ಕೆ.

ಉಳಿಯುವುದು ಬಾಡಿಗೆ. ಕಡಲ ಬದಿಯ ಹಳ್ಳಿಗಳಲ್ಲಿ ಬೀಗ ಹಾಕಿದ ಮನೆಗಳ ಸಾಲಿದ್ದರೂ, ಶಾಲೆಗೆ ವರ್ಗವಾಗಿ ಬಂದ ಟೀಚರು, ಆರೋಗ್ಯ ಕೇಂದ್ರದ ನರ್ಸು ಬಾಡಿಗೆಗೆ ಮನೆ ಸಿಗದೆ ದಿನಾ ಪೇಟೆಯಿಂದ ಬಸ್ಸಿನಲ್ಲಿ ಓಡಾಡುತ್ತಾರೆ. ಕೇಳಿದರೆ ಮುಂಬಯಿಯಿಂದ ಬರುವ ಉತ್ತರ ಒಂದೇ: ಕೊಟ್ಟರೆ ಏಳುವುದಿಲ್ಲ. ಈ ಭಯಕ್ಕೆ ಎರಡು ಬೇರುಗಳಿವೆ, ಎರಡೂ ನಮ್ಮ ಅನುಭವದಿಂದಲೇ ಬಂದವು. ಒಂದು 1974: ಕೂತವನಿಗೆ ಜಾಗ ಹೋಗುತ್ತದೆ ಎಂಬುದನ್ನು ಕರಾವಳಿ ಕಣ್ಣಾರೆ ಕಂಡಿತು, ಮತ್ತು ಕೂತವರು ನಾವೇ ಆಗಿದ್ದೆವು. ಆ ಕಾನೂನು ಸಾಗುವಳಿ ಭೂಮಿಗೆ ಸಂಬಂಧಿಸಿದ್ದು, ತಿಂಗಳ ಬಾಡಿಗೆಯ ಮನೆಗಲ್ಲ ಎಂದರೆ ಯಾರೂ ನಂಬುವುದಿಲ್ಲ. ಇನ್ನೊಂದು ಫೋರ್ಟು. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯ ನೆರಳಿನಲ್ಲಿ, ಪಗಡಿ ರೂಮಿನ ಬಾಡಿಗೆ ಚಹಾ ಖರ್ಚಿಗಿಂತ ಕಡಿಮೆಯಾದ ಮೇಲೂ, ನಮ್ಮವರು ಎರಡು ತಲೆಮಾರು ಏಳದೆ ಕೂತರು. ಏಳದೆ ಕೂತದ್ದರಿಂದಲೇ ರಾತ್ರಿ ಶಾಲೆ ಮುಗಿಸಿದರು, ಹೋಟೆಲು ಹಾಕಿದರು, ಊರಲ್ಲಿ ತಾರಸಿ ಎಬ್ಬಿಸಿದರು. ಬಾಡಿಗೆಗೆ ಕೂತವನಿಗೆ ಆ ಕೋಣೆ ಎಂದರೆ ಏನು ಎಂಬುದನ್ನು ನಮ್ಮಷ್ಟು ಬಲ್ಲವರಿಲ್ಲ. ಫೋರ್ಟಿನಲ್ಲಿ ಈಗ ಎಲ್ಲರೂ ಹನ್ನೊಂದು ತಿಂಗಳ ಲೀವ್ ಆಂಡ್ ಲೈಸೆನ್ಸ್ ಕರಾರು ಬರೆಸುತ್ತಾರೆ, ಅದನ್ನು ಬರೆಯುವ ವಕೀಲರಲ್ಲಿ ನಮ್ಮವರೂ ಇದ್ದಾರೆ. ಅಂಥದೇ ಒಂದು ಕರಾರು ಉಡುಪಿಯಲ್ಲೂ ಮಾಡಿಸಬಹುದು: ಮೇ ತಿಂಗಳು ಒಡೆಯರಿಗೆ, ಜೂನಿನಿಂದ ಏಪ್ರಿಲಿನ ತನಕ ಟೀಚರಿಗೆ. ಬಾಡಿಗೆ ಎಷ್ಟಾದರೂ ಇರಲಿ, ತಾರಸಿಯ ಪೈಪಿನಿಂದ ಎಲೆ ತೆಗೆಯುವ ಷರತ್ತು ಅದರಲ್ಲಿ ಇದ್ದರೆ ಸಾಕು.